ಕುಂಬಳಕಾಯಿ ಕಳ್ಳ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಗಾದೆಯನ್ನು ನಾನು ಮೂವತ್ತೆರಡು ವರ್ಷದ ಮೇಷ್ಟರ ಕೆಲಸದಲ್ಲಿ ಎಷ್ಟು ತರಗತಿಗಳಿಗೆ ವಿಸ್ತರಿಸಿ ಬರೆಸಿದ್ದೇನೋ ಲೆಕ್ಕವಿಲ್ಲ. ಬೂದುಗುಂಬಳವನ್ನು ಕದ್ದು ಹೊತ್ತವನ ಹೆಗಲಿಗೆ ಬೂದಿ ಮೆತ್ತಿಕೊಂಡಿರುತ್ತದೆ; ಆದ್ದರಿಂದ ಅವನ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಇಷ್ಟು ಹೇಳಿ ಬೋರ್ಡು ಒರೆಸಿ ಹೊರಟುಬಿಡುತ್ತಿದ್ದೆ. ಆ ಕೈ ಹೆಗಲಿಗೆ ಹೋಗುವಾಗ ಕಳ್ಳನ ಎದೆಯಲ್ಲಿ ಏನಾಗುತ್ತದೆ ಎಂಬುದು ನನಗೆ ತಿಳಿದದ್ದು 2018ರ ಏಪ್ರಿಲಿನಲ್ಲಿ. ಅದೂ ಮೈಸೂರಿನಲ್ಲಲ್ಲ, ಅಮೆರಿಕದ ಮಿನಿಯಾಪೊಲಿಸ್ ನಗರದ ಬಳಿ ನನ್ನ ಮಗನ ಮನೆಯಲ್ಲಿ.

ಯುಗಾದಿಯ ಬೇವುಬೆಲ್ಲ ತಿಂದು ವಿಮಾನ ಹತ್ತಿದ್ದೆವು. ನಮ್ಮ ಪಂಚಾಂಗದಲ್ಲಿ ವಸಂತ, ಅವರ ಕ್ಯಾಲೆಂಡರಿನಲ್ಲಿಯೂ ವಸಂತ. ಆದರೆ ಏಪ್ರಿಲ್ ನಡುವಿನಲ್ಲಿ ಮೂರು ದಿನ ಹಿಮ ಬಿದ್ದು ಅಂಗಳದಲ್ಲಿ ಒಂದು ಅಡಿಗೂ ಮೀರಿ ಕುಳಿತಿತು. ಅಲ್ಲಿ ಹುಟ್ಟಿ ಬೆಳೆದವರೇ ಗೊಣಗುತ್ತಿದ್ದರು. ನಾನಂತೂ ಎರಡು ಸ್ವೆಟರು, ಒಂದು ಮಫ್ಲರಿನೊಳಗೆ ಅಡಗಿ ಕಿಟಕಿಯ ಬಳಿ ಕುಳಿತಿರುತ್ತಿದ್ದೆ.

ಅಂಥ ಒಂದು ದಿನ ಪಕ್ಕದ ಮನೆಯ ಮುದುಕ ಹಿಮ ತುಳಿದುಕೊಂಡು ಬಂದು, ನನ್ನ ಏಳು ವರ್ಷದ ಮೊಮ್ಮಗಳ ಕೈಗೆ ಮೂರು ಬೀಜ ಕೊಟ್ಟ. ಒಂದೊಂದೂ ಒಂದು ಅಂಗುಲ ಮೀರಿದ ಕುಂಬಳದ ಬೀಜ. “ಬಿತ್ತುವುದಕ್ಕೆ ಇದೇ ಸಮಯ” ಎಂದ. ನಾನು ಕಿಟಕಿಯ ಹೊರಗೆ ನೋಡಿದೆ, ಆತನ ಮುಖ ನೋಡಿದೆ. ಆತ ತಮಾಷೆ ಮಾಡುತ್ತಿರಲಿಲ್ಲ.

ಆತನಿಗೆ ದೈತ್ಯ ಕುಂಬಳ ಬೆಳೆಸುವ ಹುಚ್ಚು. ಆ ನಾಡಿನಲ್ಲಿ ಅಕ್ಟೋಬರಿನಲ್ಲಿ ಕುಂಬಳಗಳನ್ನು ತೂಗುವ ಪಂದ್ಯಗಳು ನಡೆಯುತ್ತವೆ. ಅಷ್ಟರೊಳಗೆ ಕಾಯಿ ಬಲಿಯಬೇಕಾದರೆ ಏಪ್ರಿಲಿನಲ್ಲೇ ಬೀಜ ಮೊಳೆಯಬೇಕು. ಹೊರಗಿನ ನೆಲವೋ ಮೇ ಅರ್ಧ ಕಳೆಯುವವರೆಗೂ ನಂಬುವಂತಿಲ್ಲ. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೀಜ ಮೊಳೆಯುವ ಬದಲು ಕೊಳೆಯುತ್ತದೆ. ಆದ್ದರಿಂದ ಮನೆಯೊಳಗೇ ಒಂದು ಸಣ್ಣ ಬೇಸಿಗೆಯನ್ನು ಸೃಷ್ಟಿಸಬೇಕು.

ಬೀಜದ ಪೊಟ್ಟಣದ ಮೇಲೆ ತಾಯಿಕುಂಬಳದ ತೂಕ, ಬೆಳೆದವನ ಹೆಸರು, ಇಸವಿ ಎಲ್ಲ ಬರೆದಿತ್ತು. ನಮ್ಮ ಗೋತ್ರ ಪ್ರವರಕ್ಕೇನೂ ಕಡಿಮೆಯಿಲ್ಲ. ಈ ಕುಲದ ಕಥೆಯೂ ದೊಡ್ಡದೇ. ಕೆನಡಾದ ವಿಲಿಯಂ ವಾರ್ನಕ್ ಎಂಬಾತ 1900ರಲ್ಲಿ ಪ್ಯಾರಿಸ್ಸಿನ ಪ್ರದರ್ಶನಕ್ಕೆ 400 ಪೌಂಡಿನ ಕುಂಬಳ ಒಯ್ದ. 1904ರಲ್ಲಿ ಸೇಂಟ್ ಲೂಯಿಸ್ಸಿಗೆ 403 ಪೌಂಡಿನದು. ಆ ದಾಖಲೆ ಎಪ್ಪತ್ತು ವರ್ಷಕ್ಕೂ ಮಿಕ್ಕಿ ಉಳಿಯಿತು. ಆಮೇಲೆ ನೋವಾಸ್ಕೋಷಿಯಾದ ವಿಂಡ್ಸರ್ ಎಂಬ ಊರಿನ ಹವರ್ಡ್ ಡಿಲ್ ಎಂಬ ರೈತ, ವರ್ಷದಿಂದ ವರ್ಷಕ್ಕೆ ಒಳ್ಳೆಯ ಕಾಯಿಯ ಬೀಜವನ್ನೇ ಆರಿಸಿ ಆರಿಸಿ ‘ಅಟ್ಲಾಂಟಿಕ್ ಜೈಂಟ್’ ಎಂಬ ತಳಿಯನ್ನು ತಂದ. 1981ರಲ್ಲಿ ಅವನ ಕುಂಬಳ 493 ಪೌಂಡು ದಾಟಿತು. ಇಂದಿನ ದೈತ್ಯರೆಲ್ಲ ಹೆಚ್ಚುಕಡಿಮೆ ಆ ವಂಶದವರೇ. 2025ರಲ್ಲಿ ಇಂಗ್ಲೆಂಡಿನ ಇಬ್ಬರು ಅವಳಿ ಸೋದರರು ತೂಗಿಸಿದ್ದು 2,819 ಪೌಂಡು. ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹದಿಮೂರು ಕ್ವಿಂಟಲ್. ಹೊತ್ತುಕೊಂಡು ಹೋಗಲು ಯಾವ ಕಳ್ಳನ ಹೆಗಲಿಗೂ ಸಾಧ್ಯವಿಲ್ಲ.

ಬಿತ್ತನೆಯ ವಿಧಿಯನ್ನು ಮುದುಕ ಪುರೋಹಿತನಂತೆ ನಿಂತು ಮಾಡಿಸಿದ. ಮೊದಲು ಮರಗೆಲಸದವರ ಉಪ್ಪುಕಾಗದದಿಂದ ಬೀಜದ ಅಂಚನ್ನು ಮೆಲ್ಲಗೆ ಉಜ್ಜಬೇಕು. ಸಿಪ್ಪೆ ಅಷ್ಟು ದಪ್ಪ, ನೀರು ಒಳಕ್ಕೆ ಹೋಗಬೇಕಲ್ಲ. ಬೇರು ಹೊರಡುವ ಚೂಪು ತುದಿಯನ್ನು ಮಾತ್ರ ಮುಟ್ಟಕೂಡದು. “ಬೀಜಕ್ಕೂ ಕ್ಷೌರವೇ!” ಎಂದಳು ನಮ್ಮಾಕೆ. ಆಮೇಲೆ ಒಂದು ಗಂಟೆ ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಚೂಪು ತುದಿ ಕೆಳಗೆ ಮಾಡಿ, ಹುಡಿ ಮಣ್ಣು ತುಂಬಿದ ಪುಟ್ಟ ಕುಂಡಗಳಲ್ಲಿ ಒಂದು ಅಂಗುಲ ಆಳಕ್ಕೆ ಹೂತೆವು. ಕುಂಡಗಳ ಅಡಿಗೆ ವಿದ್ಯುತ್ತಿನಿಂದ ಕಾವಾಗುವ ಒಂದು ಚಾಪೆ. ಮಣ್ಣಿನ ಬಿಸಿ 85 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು ಇರಬೇಕು. ನಾಲ್ಕೈದು ದಿನದಲ್ಲಿ ಮೊಳಕೆ. ಹೊರಟಾಗ ಆತ ಹೇಳಿದ್ದು ಒಂದೇ ಮಾತು: “ಇನ್ನು ಮುಟ್ಟಬೇಡಿ.”

ಮೊಮ್ಮಗಳು ಕುಂಡಗಳಿಗೆ ಚೀಟಿ ಅಂಟಿಸಿದಳು. ಅಜ್ಜಿ ಕಲಿಸಿದ್ದ ಕನ್ನಡದಲ್ಲಿ, ಸೊಟ್ಟಸೊಟ್ಟಗೆ: ತಾತ, ಅಜ್ಜಿ, ಪುಟ್ಟಿ.

ಐದನೆಯ ದಿನ ಬೆಳಗ್ಗೆ ‘ಅಜ್ಜಿ’ ಮಣ್ಣು ಎತ್ತಿಕೊಂಡು ಎದ್ದಳು. ಮಧ್ಯಾಹ್ನಕ್ಕೆ ‘ಪುಟ್ಟಿ’. ‘ತಾತ’ ಮಾತ್ರ ಸದ್ದಿಲ್ಲ. ಮರುದಿನವೂ ಇಲ್ಲ. ನನಗೇನೋ ಕಸಿವಿಸಿ. ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಂದು ಚಮಚ ತೆಗೆದುಕೊಂಡು ಹೋಗಿ ‘ತಾತ’ನನ್ನು ಕೆದಕಿದೆ. ಬೀಜ ಬಾಯಿ ಬಿಟ್ಟಿತ್ತು! ಬೆಳ್ಳಗಿನ ಬೇರು ಒಂದು ಅಂಗುಲ ಇಳಿದಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ತಾನಾಗಿ ಮೇಲೆ ಬರುತ್ತಿತ್ತು. ಸಂತೋಷದಿಂದ ತುಸು ಎತ್ತಿದೆ. ಬೇರು ಪಟ್ಟನೆ ಮುರಿಯಿತು.

ಮಣ್ಣು ಮುಚ್ಚಿ, ಚಮಚ ತೊಳೆದಿಟ್ಟು, ಬಂದು ಮಲಗಿದೆ.

“ತಾತ ಯಾಕೆ ಇನ್ನೂ ಎದ್ದಿಲ್ಲ?” ಎಂದಳು ಮಗು ಬೆಳಗ್ಗೆ. “ಚಳಿ ಕಣಮ್ಮ” ಎಂದೆ. ಪಾಪ, ಚಳಿಗೆ ಬಾಯಿಲ್ಲ. ಅವಳು ತನ್ನ ಉಣ್ಣೆಯ ಟೋಪಿ ತಂದು ಆ ಕುಂಡಕ್ಕೆ ಹೊದಿಸಿದಳು. ಅಷ್ಟೇ ಆಗಿದ್ದರೆ ತಾಳಿಕೊಳ್ಳುತ್ತಿದ್ದೆ. ಆದರೆ ಸಂಜೆ ನನ್ನ ಕೋಣೆಗೆ ಬಂದು ಹಣೆ ಮುಟ್ಟಿ ನೋಡಿದಳು. ಮೂರನೆಯ ದಿನ ಅವರಮ್ಮನನ್ನು ಕೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: “ತಾತ ಸತ್ತುಹೋಗ್ತಾರಾ?” ಕುಂಡದ ತಾತನನ್ನು ಕೇಳಿದಳೋ ನನ್ನನ್ನೋ, ಅವಳಿಗೇ ಗೊತ್ತಿರಲಾರದು.

ಮುದುಕ ಬಂದು ಕುಂಡವನ್ನು ನೋಡಿದ. “ಚಳಿಯಲ್ಲ, ಚಾಪೆ ಬಿಸಿಯಾಗಿಯೇ ಇದೆ. ಯಾರೋ ಕೆದಕಿ ನೋಡಿರಬೇಕು” ಎಂದ. ನೀವು ನಂಬಿದರೆ ನಂಬಿ, ನನ್ನ ಬಲಗೈ ಮಫ್ಲರ್ ಸರಿಮಾಡುವ ನೆಪದಲ್ಲಿ ಹೆಗಲ ಮೇಲೆ ಹೋಗಿ ಕುಳಿತಿತ್ತು. ನಮ್ಮಾಕೆ ಅದನ್ನು ನೋಡಿದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಗನ ಎಸ್.ಎಸ್.ಎಲ್.ಸಿ. ದಿನಗಳು ನೆನಪಾದವು. ಓದುತ್ತಿದ್ದಾನೋ ಇಲ್ಲವೋ ಎಂದು ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ. ದಿನಾ ಸಂಜೆ ಪಾಠ ಒಪ್ಪಿಸಬೇಕಿತ್ತು, ಬಂದ ಅಂಕಕ್ಕೆಲ್ಲ ಲೆಕ್ಕ ಕೊಡಬೇಕಿತ್ತು. ಅದೆಲ್ಲ ಅಕ್ಕರೆಯಿಂದಲೇ, ಸುಳ್ಳು ಹೇಳುತ್ತಿಲ್ಲ. ಹುಡುಗ ಚೆನ್ನಾಗಿಯೇ ಓದಿ ಮುಂದೆ ಬಂದ. ಆದರೆ ನನ್ನೊಡನೆ ಅವನ ಮಾತು, ಕೇಳಿದ್ದಕ್ಕೆ ಉತ್ತರ ಎಂಬಷ್ಟಕ್ಕೆ ಎಂದೋ ನಿಂತುಹೋಗಿತ್ತು. ಅಲ್ಲಿಯೂ ಒಂದು ಬೇರನ್ನು ಮುರಿದಿದ್ದೆನೇನೋ.

ಬೆಳಗ್ಗೆ ಮಗುವನ್ನು ಕರೆದು ನಡೆದದ್ದನ್ನು ನಡೆದಂತೆ ಹೇಳಿದೆ. ಅವಳ ಕಣ್ಣು ತುಂಬಿತು. “ಮುಟ್ಟಬೇಡಿ ಅಂದಿದ್ರಲ್ಲ!” ಎಂದು ಟೋಪಿ ಕಿತ್ತುಕೊಂಡು ಹೋದವಳು ಇಡೀ ದಿನ ನನ್ನೊಡನೆ ಮಾತಾಡಲಿಲ್ಲ. ಮಗ ಅಡುಗೆಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸಂಜೆ ತಾನೇ ಎರಡು ಲೋಟ ಕಾಫಿ ತಂದು, ಒಂದನ್ನು ನನಗೆ ಕೊಟ್ಟು, ಪಕ್ಕದಲ್ಲಿ ಕುಳಿತ. “ಚಮಚದಲ್ಲಿ ಕೆದಕಿದ್ರಾ ಅಪ್ಪಾ?” ಎಂದ. “ಹೂಂ” ಎಂದೆ. ಇಬ್ಬರಿಗೂ ನಗು ಬಂತು. ಅಂದು ಬಹಳ ಹೊತ್ತು ಮಾತಾಡಿದೆವು.

ಮರುದಿನ ನೋಡಿದರೆ ‘ಪುಟ್ಟಿ’ ಕುಂಡದ ಚೀಟಿಯಲ್ಲಿ ಇನ್ನೊಂದು ಹೆಸರು ಸೇರಿತ್ತು: ‘ತಾತ’. ಕೆಳಗೆ ‘ಮುಟಬಾರದು’ ಎಂದಿತ್ತು. ಒತ್ತಕ್ಷರ ತಪ್ಪಿತ್ತು, ಮೇಷ್ಟರು ತಿದ್ದಲಿಲ್ಲ.

ಮೇ ಮೂರನೆಯ ವಾರ ಎರಡು ಸಸಿಗಳನ್ನೂ ಅಂಗಳದಲ್ಲಿ ನೆಟ್ಟು, ಪ್ಲಾಸ್ಟಿಕ್ಕಿನ ಕಮಾನು ಹೊದಿಸಿದೆವು. ಜುಲೈಯಲ್ಲಿ ಹೂ ಅರಳಿತು. ಮುಂಜಾನೆಯೇ ಮುದುಕ ಬಂದು ಗಂಡುಹೂವನ್ನು ಹೆಣ್ಣುಹೂವಿಗೆ ಮುಟ್ಟಿಸಿ ಹೋದ. ಬಳ್ಳಿಗೊಂದೇ ಹೀಚು ಉಳಿಸಿದೆವು. ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆ ಎಂಬ ಶಾಸ್ತ್ರವನ್ನು ನಮ್ಮಾಕೆ ಮಗುವಿಗೆ ಕಲಿಸಿದಳು. ಅವಳು ಬೆರಳು ಮಡಚಿಯೇ ಎಲ್ಲರಿಗೂ ತೋರಿಸುತ್ತಿದ್ದಳು. ಸೆಪ್ಟೆಂಬರಿನಲ್ಲಿ ನಾವು ಊರಿಗೆ ಮರಳಿದೆವು. ಅಕ್ಟೋಬರಿನಲ್ಲಿ ಮಗನ ಫೋನು ಬಂತು: ‘ತಾತ–ಪುಟ್ಟಿ’ 140 ಪೌಂಡು. ದೈತ್ಯರ ಕುಲದಲ್ಲಿ ಅದು ಕೂಸು. ಆದರೂ ಅದರ ಪಕ್ಕದಲ್ಲಿ ನಿಂತ ಹುಡುಗಿ ಫೋಟೋದಲ್ಲಿ ಚಿಕ್ಕವಳಾಗಿ ಕಾಣುತ್ತಿದ್ದಳು.

ಈಗಲೂ ವಾರಕ್ಕೊಮ್ಮೆ ಮಗ ತಾನಾಗಿಯೇ ಫೋನು ಮಾಡುತ್ತಾನೆ. ಅವನು ಹೇಳಿದಷ್ಟನ್ನು ಕೇಳಿ ಸುಮ್ಮನಿರುವುದನ್ನು ಕಲಿಯುತ್ತಿದ್ದೇನೆ. ನಮ್ಮಾಕೆಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ. ಹೆಸರುಕಾಳು ಮೊಳಕೆ ಕಟ್ಟಿದ ರಾತ್ರಿ ಆ ಬಟ್ಟೆಯ ಗಂಟನ್ನು ನನ್ನ ಕಣ್ಣಿಗೆ ಬೀಳದ ಕಡೆ ಇಟ್ಟು ಮಲಗುತ್ತಾಳೆ.