ಯೆಜ್ಡಿ ಕೊಡೋಣವೋ ಬೇಡವೋ

ಹೋದ ಭಾನುವಾರ ಮೈಸೂರಿನಿಂದ ಒಬ್ಬರು ಬಂದು ನಮ್ಮ ಯೆಜ್ಡಿ ನೋಡಿದರು. ಐದು ಸಾವಿರ ಅಡ್ವಾನ್ಸ್ ಕೈಗಿಟ್ಟು, ಯೋಚನೆ ಮಾಡಿ ಹೇಳಿ ಅಂದು ಹೋದರು. ಅವತ್ತಿನಿಂದ ಮನೆಯಲ್ಲಿ ಇದೇ ಮಾತು. ನಾವು ಅಂದರೆ ಗಂಡ ಹೆಂಡಿರು. ಒಬ್ಬರು ಬರೆಯುತ್ತೇವೆ, ಒಬ್ಬರು ಫೋಟೊ ತೆಗೆಯುತ್ತೇವೆ. ಕೊಳ್ಳೇಗಾಲ, ಹನೂರು ಕಡೆಯ ಸುದ್ದಿ ನಮ್ಮದು. ಸುದ್ದಿಗೆ ಇಷ್ಟು ಅಂತ ಕಾಸು, ಪೆಟ್ರೋಲ್ ನಮ್ಮದೇ.

ಗಾಡಿ ರೋಡ್‌ಕಿಂಗ್, 250 ಸಿಸಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತಲ್ಲ, ಇದು ಅದಕ್ಕೂ ಹಳೆಯದು. ಗುಜರಿಗೆ ಹೋಗಬೇಕಿದ್ದುದನ್ನು ಎಂಟು ವರ್ಷದ ಹಿಂದೆ ತಂದು, ಸುದ್ದಿ ದುಡ್ಡು ಬಂದಾಗಲೆಲ್ಲ ಒಂದೊಂದು ಕೆಲಸ ಮಾಡಿಸಿದೆವು. ಹ್ಯಾಂಡಲ್ ಎತ್ತರಿಸಿದೆವು, ಮುಂದೆ ಡಿಸ್ಕ್ ಬ್ರೇಕ್ ಕೂರಿಸಿದೆವು. ಹಿಂದೆ ಕ್ಯಾಮೆರಾಗೆ ತಗಡಿನ ಪೆಟ್ಟಿಗೆ, ಒಳಗೆ ಹಳೇ ಹಾಸಿಗೆಯ ಸ್ಪಂಜು. ಕಿಕ್ಕರನ್ನೇ ಗೇರು ಮಾಡಿಕೊಳ್ಳುವ ಗಾಡಿ ಇದು. ಶಬ್ದ ಕೇಳಿದರೆ ಸಾಕು, ಹಾಡಿಯ ಮಕ್ಕಳು ರಸ್ತೆಗೆ ಓಡಿಬರುತ್ತವೆ.

ಆದರೆ ಹೀಗೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಂಗೆ ವಿರುದ್ಧ. ಆರ್‌ಸಿ 15 ವರ್ಷದ ನಂತರ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕಳೆದ ಸಲ ಹಳೇ ಹ್ಯಾಂಡಲ್, ಹಳೇ ಡ್ರಮ್ ಹಾಕಿಸಿ ತೋರಿಸಿ, ವಾಪಸು ಬಂದು ಮತ್ತೆ ಬಿಚ್ಚಿದೆವು. ಸಂಚಾರ ನಿಯಮದ ಸುದ್ದಿ ಬರೆಯುವ ನಾವೇ!

ಇಷ್ಟಾದರೂ ಮಾರುವ ಮಾತು ಬಂದಿರಲಿಲ್ಲ. ಬಂದದ್ದು ಮಳೆಗಾಲದಲ್ಲಿ. ಮಾದಪ್ಪನ ಬೆಟ್ಟದಿಂದ ಬರುತ್ತಾ ತಾಳಬೆಟ್ಟ ದಾಟಿದ ಮೇಲೆ ಕಾಡಿನ ನಡುವೆ ಗಾಡಿ ನಿಂತಿತು. ಕತ್ತಲಾಗುತ್ತಿತ್ತು, ನೆಟ್‌ವರ್ಕ್ ಇಲ್ಲ. ಎರಡು ಸ್ಟ್ರೋಕಿನ ಹಳೇ ರೋಗ, ಪ್ಲಗ್ಗಿಗೆ ಮಸಿ. ಒಬ್ಬರು ಮೊಬೈಲ್ ಬೆಳಕು ಹಿಡಿದು, ಒಬ್ಬರು ಪ್ಲಗ್ ಉಜ್ಜುತ್ತಿದ್ದಾಗ ಕೆಳಗಿನ ಹಳ್ಳದಲ್ಲಿ ಬಿದಿರು ಮುರಿಯುವ ಸದ್ದು. ಅಲ್ಲಿ ಬಿದಿರು ಮುರಿಯುವವರು ಯಾರು ಅಂತ ನಿಮಗೆ ಹೇಳಬೇಕಿಲ್ಲ. ಬೆಳಕು ಆರಿಸಿ ನಿಂತೆವು. ಮೂರು ವರ್ಷದ ಮಗಳು ಅಜ್ಜಿ ಮನೆಯಲ್ಲಿದ್ದಳು. ಆನೆ ದಾಳಿಯ ಸುದ್ದಿ ಎಷ್ಟು ಬರೆದಿದ್ದೇವೆ, 'ಮೃತರು ಒಂದು ಮಗುವನ್ನು ಅಗಲಿದ್ದಾರೆ' ಎಂಬ ಸಾಲು ಇಬ್ಬರಿಗೂ ಒಟ್ಟಿಗೆ ನೆನಪಾಯಿತಂತೆ. ಅದು ಮನೆಗೆ ಬಂದ ಮೇಲೆ ಗೊತ್ತಾಯಿತು. ಏಳನೇ ಕಿಕ್ಕಿಗೆ ಗಾಡಿ ಹೊತ್ತಿಕೊಂಡಿತು.

ಹೊಸ ಹಿಮಾಲಯನ್ 450 ನೋಡಿದೆವು. 2023ರಲ್ಲಿ ಬಂದಾಗಲೇ ಶೋರೂಮ್ ಬೆಲೆ ಎರಡೂವರೆ ಲಕ್ಷ ದಾಟಿತ್ತು. ಕಂತು ನಮ್ಮ ಕೈಗೆಟುಕದು. ಹಳೇ ಹಿಮಾಲಯನ್ 411 ಸೆಕೆಂಡ್ ಹ್ಯಾಂಡ್ ಆದರೆ ಆಗಬಹುದು. 15 ಲೀಟರ್ ಟ್ಯಾಂಕು, ಸ್ವಿಚ್ ಒತ್ತಿದರೆ ಚಾಲೂ. ತೂಕ ಮಾತ್ರ ಸುಮಾರು ಇನ್ನೂರು ಕೆಜಿ, ಕೆಸರಲ್ಲಿ ಬಿದ್ದರೆ ಇಬ್ಬರೂ ಸೇರಿ ಎತ್ತಬೇಕು.

ಮೈಸೂರಿನವರಿಗೆ ಗಾಡಿ ಮೊದಲಿನ ಹಾಗೇ ಬೇಕಂತೆ. ನಾವು ಹಾಕಿಸಿದ್ದನ್ನೆಲ್ಲ ಕಿತ್ತುಹಾಕುತ್ತಾರೆ. ಒಂದು ರಾತ್ರಿ ಅದೇ ಬೇಸರಕ್ಕೆ ಅಡ್ವಾನ್ಸ್ ವಾಪಸು ಕೊಡೋಣ ಅಂತಲೂ ಆಯಿತು. ಬೆಳಿಗ್ಗೆ ಫೋನ್ ಮಾಡಿ ಕೊಡುತ್ತೇವೆ ಅಂದೆವು. ಪೆಟ್ಟಿಗೆ ಮಾತ್ರ ಕೊಡುವುದಿಲ್ಲ ಅಂದೆವು. ಅವರು ನಕ್ಕರು, ಪೆಟ್ಟಿಗೆ ಯಾರಿಗೆ ಬೇಕು ಅಂತ.

ನಿನ್ನೆ ಅದನ್ನು ಬಿಚ್ಚಿ ವೆಲ್ಡಿಂಗ್ ಅಂಗಡಿಗೆ ಒಯ್ದೆವು. ಪಕ್ಕದಲ್ಲಿ ರಿಪೇರಿಗೆ ನಿಂತಿದ್ದ ಯಾರದೋ ಹಿಮಾಲಯನ್ ಮೇಲಿಟ್ಟು ಟೇಪು ಹಿಡಿದು ನೋಡಿದ ವೆಲ್ಡರ್, ನಾಲ್ಕು ಬೆರಳು ಕೆಳಗಿಳಿಸಬೇಕು, ಇಲ್ಲದಿದ್ದರೆ ಹಿಂದೆ ಕೂತವರ ಬೆನ್ನಿಗೆ ತಗಲುತ್ತೆ ಅಂದ. ಹಿಂದೆ ಯಾರು ಕೂರುತ್ತಾರೆ ಅಂತ ಕೇಳಿದ. ಸರದಿ ಮೇಲೆ ಅಂದೆವು.