ಪಾಲೋ, ಗೌರವಧನವೋ?

ದುಡಿದವನಿಗೆ ಸಲ್ಲುವ ಹಣಕ್ಕೆ ನಮ್ಮಲ್ಲಿ ಹೆಸರುಗಳು ಹಲವು. ಗದ್ದೆಗಿಳಿದವನಿಗೆ ಕೂಲಿ, ಕಛೇರಿಗೆ ಹೋದವನಿಗೆ ಸಂಬಳ, ದೋಣಿಯೇರಿದವನಿಗೆ ಪಾಲು. ಬರೆದವನಿಗೆ ಮಾತ್ರ 'ಗೌರವಧನ'! ಈ ಪದವನ್ನು ಕಂಡಾಗಲೆಲ್ಲ ನನಗೊಂದು ಸಂಶಯ. ಕೂಲಿಯನ್ನು ಕೇಳಿ ಪಡೆಯಬಹುದು. ಪಾಲಿಗಾಗಿ ಜಗಳವನ್ನೂ ಆಡಬಹುದು. ಗೌರವವನ್ನು ಕೇಳಿ ಪಡೆಯುವುದು ಹೇಗೆ? ಕೊಟ್ಟರೆ ಕೈಮುಗಿಯಬೇಕು, ಕೊಡದಿದ್ದರೆ ತೆಪ್ಪಗಿರಬೇಕು.

ನನ್ನ ಊರು ಶಿರೂರು. ಉಡುಪಿ ಜಿಲ್ಲೆಯ ಬಡಗಣ ತುದಿ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪ ಕಡಲಿಗೆ ಹೋಗುವವರು. ಅಳ್ವೆಗದ್ದೆಯಲ್ಲಿ ಮೀನು ಮಾರಾಟವಾದ ಮೇಲೆ, ಎಣ್ಣೆಯ ಖರ್ಚು ಕಳೆದು, ದೋಣಿಗಿಷ್ಟು, ಬಲೆಗಿಷ್ಟು, ಆಳಿಗಿಷ್ಟೆಂದು ಎಲ್ಲರ ಕಣ್ಣೆದುರೇ ಲೆಕ್ಕವಾಗುತ್ತದೆ. ಪಾಲು ಸಣ್ಣದಾದೀತು, ಗುಟ್ಟಾಗಿ ಮಾತ್ರ ಇರದು.

ಕಳೆದ ವರ್ಷ ನನ್ನ ಹತ್ತು ಕಥೆಗಳನ್ನು ಪುಸ್ತಕವಾಗಿಸುವೆವೆಂದು ಪ್ರಕಾಶಕರೊಬ್ಬರು ಒಂದು ಒಪ್ಪಂದದ ಕಾಗದ ಕಳುಹಿಸಿದರು. ಅಚ್ಚಿನ ಖರ್ಚು ನನ್ನದು. ನನಗೆ 50 'ಗೌರವ ಪ್ರತಿ'. ಸರ್ವ ಹಕ್ಕುಗಳೂ ಶಾಶ್ವತವಾಗಿ ಅವರವು. ಅಕ್ಷರ ಕೂಡಿಸಿ ಓದುವಷ್ಟೇ ಬಲ್ಲ ಅಪ್ಪನಿಗೆ ಅದನ್ನು ಓದಿ ಹೇಳಿದೆ. ಅವರು ಬಲೆಯಿಂದ ಕಣ್ಣೆತ್ತದೆ, "ದೋಣಿ ನಿಂದ್, ಬಲಿ ನಿಂದ್, ಎಣ್ಣಿ ದುಡ್ಡೂ ನಿಂದೇ. ಮೀನ್ ಮಾತ್ರ ಅವ್ರದ್ದಾ? ಇದೆಂತ ಲೆಕ್ಕ ಮಗಾ?" ಎಂದರು. ಲೇಖಕರ ಹಕ್ಕಿನ ಬಗ್ಗೆ ಅನಂತರ ನಾನು ಎಷ್ಟು ಓದಿದರೂ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಕಾಣಲಿಲ್ಲ.

ಈ ಪ್ರಶ್ನೆ ನಮ್ಮ ಕರಾವಳಿಗೆ ಹೊಸತೇನೂ ಅಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತ ಕಾವ್ಯ ಬರೆದವನು. ತನ್ನ ಕೃತಿಯನ್ನು ಹಳೆಯ ಕವಿಯದೆಂಬಂತೆ ಮೈಸೂರಿಗೆ ಕಳುಹಿಸಿದನೆಂಬುದು ಪ್ರಸಿದ್ಧ ಸಂಗತಿ. 1901ರಲ್ಲಿ, ಮೂವತ್ತರ ಆಸುಪಾಸಿನಲ್ಲಿ, ಕ್ಷಯದಿಂದ ಬಡತನದಲ್ಲೇ ತೀರಿಕೊಂಡ. ಕರ್ತೃ ಅವನೇ ಎಂದು ನಾಡು ತಿಳಿದುದು ಆಮೇಲೆ. ಹಣವಂತಿರಲಿ, ಹೆಸರೂ ಅವನ ಪಾಲಿಗೆ ಕಾಲಕ್ಕೆ ಒದಗಲಿಲ್ಲ.

ಕೋಟದ ಶಿವರಾಮ ಕಾರಂತರದು ಬೇರೆ ದಾರಿ. ಪುತ್ತೂರಿನಲ್ಲಿದ್ದುಕೊಂಡು ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿ ಪ್ರಕಟಿಸಿದರು. ಅವರಿಗಿಂತ ಮುಂಚೆ ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದ್ದರು. ಸ್ವಂತ ಪ್ರಕಟಣೆಯೆಂದರೆ ಸ್ವಾತಂತ್ರ್ಯವೂ ಹೌದು, ಹೊರೆಯೂ ಹೌದು. ಕಾರಂತರು 1997ರಲ್ಲಿ ತೀರಿಕೊಂಡ ಮೇಲೂ ಅವರ ಹಕ್ಕಿನ ಮಾತು ಮುಗಿಯಲಿಲ್ಲ. ಅವರ ಉಯಿಲಿನಿಂದ ಹಕ್ಕು ಪಡೆದ ಮಾಲಿನಿ ಮಲ್ಯರು, ಅನುಮತಿಯಿಲ್ಲದೆ ಅವರ ಯಕ್ಷಗಾನ ಪ್ರಯೋಗವನ್ನು ಆಡಿದರೆಂದು ಮಣಿಪಾಲದ ಸಂಸ್ಥೆಯೊಂದರ ಮೇಲೆ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2009ರಲ್ಲಿ ತೀರ್ಮಾನವಾಯಿತು. ಉಯಿಲಿನ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿಯಿತು. ಕಾನೂನು ವಿನಾಯಿತಿ ಕೊಟ್ಟ ಪ್ರದರ್ಶನಗಳಿಗೆ ಮಾತ್ರ ಅಡ್ಡಿಯಿಲ್ಲವೆಂದಿತು.

ಹಾಗಾದರೆ ಕಾನೂನು ಏನನ್ನುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ನಮ್ಮ ಗ್ರಂಥಾಲಯದಲ್ಲೇ ಕುಳಿತು ಓದಿದೆ. ಸ್ವತಂತ್ರವಾಗಿ ಬರೆದುದಕ್ಕೆ ಬರೆದವನೇ ಮೊದಲ ಒಡೆಯ. ಹಕ್ಕು ಅವನ ಜೀವಮಾನವಿಡೀ, ಅನಂತರ 60 ವರ್ಷ ಉಳಿಯುತ್ತದೆ. ಹಕ್ಕನ್ನು ವಹಿಸಿಕೊಡುವುದಾದರೆ ಬರವಣಿಗೆಯಲ್ಲೇ ಆಗಬೇಕು, ರುಜು ಬೇಕು. ಕಾಗದದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷವೇ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಬೇರೆ ಮಾತು ಬರೆದಿರದ ಪಕ್ಷದಲ್ಲಿ, ಹಕ್ಕು ಹಿಂದಿರುಗುತ್ತದೆ. ಎಲ್ಲವನ್ನೂ ಮಾರಿದ ಮೇಲೂ 'ಇದು ನನ್ನ ಕೃತಿ' ಎನ್ನುವ ಅಧಿಕಾರವನ್ನು 57ನೆಯ ಕಲಮು ಲೇಖಕನಿಗೇ ಉಳಿಸಿದೆ. ಆದರೆ 'ಶಾಶ್ವತವಾಗಿ' ಎಂದು ಬರೆದುದಕ್ಕೆ ನಾವೇ ರುಜು ಹಾಕಿದರೆ ಆ 5 ವರ್ಷದ ಆಸರೆ ನಮಗಿಲ್ಲ.

ಪ್ರಕಾಶಕರೆಲ್ಲ ಕಳ್ಳರೆಂದು ನಾನು ಹೇಳುತ್ತಿಲ್ಲ, ಹಾಗೆಂದರೆ ಅನ್ಯಾಯವಾದೀತು. ಕಾಗದದ ಬೆಲೆ, ಅಂಗಡಿಯವರ ರಿಯಾಯಿತಿ, ಮಾರದೆ ಉಳಿದ ಕಟ್ಟುಗಳು, ಇವೆಲ್ಲ ಅವರ ತಲೆಯ ಮೇಲೆಯೇ. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯಂಥ ಸಂಸ್ಥೆಗಳಿಲ್ಲದಿದ್ದರೆ ನಮ್ಮ ಎಷ್ಟೋ ಒಳ್ಳೆಯ ಪುಸ್ತಕಗಳು ನಮ್ಮ ಕೈಸೇರುತ್ತಿರಲಿಲ್ಲ. ದೋಣಿ ಹಾಕಿದವನಿಗೆ ದೋಣಿಯ ಪಾಲು ನ್ಯಾಯವೇ. ಆದರೆ ಖರ್ಚನ್ನೆಲ್ಲ ಲೇಖಕನೇ ಹೊತ್ತಾಗ ದೋಣಿಯ ಪಾಲು ಯಾರಿಗೆ ಸಲ್ಲಬೇಕು? ಎಷ್ಟು ಪ್ರತಿ ಅಚ್ಚಾಯಿತು, ಎಷ್ಟು ಮಾರಿತು ಎಂಬ ಲೆಕ್ಕ ಕೇಳುವುದು ಅವಿನಯವೆ?

ಆ ಕಾಗದಕ್ಕೆ ನಾನು ರುಜು ಹಾಕಲಿಲ್ಲ. ಹಕ್ಕು ನನ್ನದು, ಅವಧಿ 5 ವರ್ಷ, ವರ್ಷಕ್ಕೊಮ್ಮೆ ಲೆಕ್ಕ ಎಂದು ಮೂರು ಸಾಲು ಸೇರಿಸಿ ಹಿಂದಕ್ಕೆ ಕಳುಹಿಸಿದೆ. ಉತ್ತರ ಬಂದಿಲ್ಲ. ಕಥೆಗಳು ನೋಟುಪುಸ್ತಕದಲ್ಲೇ ಇವೆ. ಪುಸ್ತಕವಾಗಲಿಲ್ಲವೆಂಬ ಕೊರಗು ಇಲ್ಲವೆಂದರೆ ಸುಳ್ಳಾದೀತು. ಆದರೂ ಅವು ನನ್ನವಾಗಿಯೇ ಇವೆ.

ನಮ್ಮ ಈ ವಾರ್ಷಿಕ ಸಂಚಿಕೆಯೂ ಕಾಸು ಕೊಡುವುದಿಲ್ಲ. ಆದರೆ ಅದು ನಮ್ಮಿಂದ ಖರ್ಚು ಕೇಳುವುದಿಲ್ಲ, ಹಕ್ಕನ್ನೂ ಬರೆಸಿಕೊಳ್ಳುವುದಿಲ್ಲ, ನಮ್ಮ ಹೆಸರನ್ನು ನಮ್ಮ ಬರಹದ ಮೇಲೆಯೇ ಅಚ್ಚು ಹಾಕುತ್ತದೆ. ಇಲ್ಲಿ ಬರೆಯುತ್ತಿರುವ ಗೆಳೆಯ ಗೆಳತಿಯರಲ್ಲಿ ಕೆಲವರಾದರೂ ನಾಳೆ ಪುಸ್ತಕ ತರುವವರೇ. ಅವರಲ್ಲಿ ನನ್ನದೊಂದು ಬಿನ್ನಹ: ಗೌರವವನ್ನು ಓದುಗರು ಕೊಡಲಿ, ಪ್ರಕಾಶಕರಲ್ಲಿ ಪಾಲನ್ನೇ ಕೇಳಿ.