ಹೊನ್ನಾವರದಲ್ಲಿ ಮೂರು ದಿನ

ತೀರ್ಥಹಳ್ಳಿ ಸೀಮೆಯ ಅಂಬುತೀರ್ಥವೆಂಬಲ್ಲಿ ಶರಾವತಿಯು ಹುಟ್ಟುವಳೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಸೀತಾದೇವಿಯ ಬಾಯಾರಿಕೆಯನ್ನು ಪರಿಹರಿಸಲು ಶ್ರೀರಾಮನು ಭೂಮಿಗೆ ಬಾಣ ಬಿಡಲು ಚಿಮ್ಮಿದ ನೀರೇ ಈ ನದಿಯೆಂಬುದು ಸ್ಥಳಪುರಾಣ. ನಮ್ಮ ಹುಟ್ಟೂರು ಆ ಸ್ಥಳಕ್ಕೆ ಸಮೀಪವಾದುದು. ಬಾಲ್ಯದಲ್ಲಿ ನಮ್ಮ ಅಕ್ಕಯ್ಯ ಅಡಿಕೆಯ ಹಾಳೆಯ ತುಂಡನ್ನು ನೀರಿನಲ್ಲಿ ತೇಲಿಬಿಟ್ಟು, “ಅಪ್ಪಯ್ಯಾ, ಇದು ಎಲ್ಲಿಗೆ ಹೋಗುತ್ತದೆ?” ಎಂದು ಕೇಳುತ್ತಿದ್ದಳು. “ಹೊನ್ನಾವರಕ್ಕೆ, ಸಮುದ್ರಕ್ಕೆ” ಎಂದು ತೀರ್ಥರೂಪರು ಹೇಳುತ್ತಿದ್ದರು. ನದಿಯ ಉದ್ದ ಸುಮಾರು 128 ಕಿಲೋಮೀಟರು. ಆ ದಾರಿಯನ್ನು ಕ್ರಮಿಸಲು ಅಕ್ಕಯ್ಯನಿಗೆ ಅರುವತ್ತೇಳು ವರ್ಷ ಹಿಡಿಯಿತು.

ಭಾವನವರು ತೀರಿಕೊಂಡಿದ್ದಾರೆ, ಮಕ್ಕಳು ದೂರದ ಪಟ್ಟಣಗಳಲ್ಲಿದ್ದಾರೆ. ನಾವೂ ಉಪಾಧ್ಯಾಯವೃತ್ತಿಯಿಂದ ನಿವೃತ್ತರಾಗಿ ಮನೆಯಲ್ಲಿರಲು, ಕಳೆದ ಮಾಘಮಾಸದಲ್ಲಿ ಅವಳನ್ನು ಕರೆದುಕೊಂಡು ಸಮುದ್ರದರ್ಶನಕ್ಕೆ ಹೊರಟೆವು. ಸಾಗರವನ್ನು ದಾಟಿ ಜೋಗಕ್ಕೆ ಬಂದೆವು. 253 ಮೀಟರು ಎತ್ತರದಿಂದ ನದಿಯು ಧುಮುಕುವ ಸ್ಥಳವಿದು. ಆದರೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಂದಿನಿಂದ ನೀರು ಬಹುಮಟ್ಟಿಗೆ ವಿದ್ಯುತ್ತಿನ ಕೆಲಸಕ್ಕೆ ತಿರುಗಿದುದರಿಂದ, ಮಳೆಗಾಲವನ್ನುಳಿದು ಧಾರೆಗಳು ಕೃಶವಾಗಿಯೇ ಇರುವುವು. ಅಕ್ಕಯ್ಯ ಬಹಳ ಹೊತ್ತು ನೋಡುತ್ತ ನಿಂತು, “ಪಾಪ, ಇವಳನ್ನೂ ಮನೆಗೆಲಸಕ್ಕೆ ಹಚ್ಚಿದರು” ಎಂದಳು. ನಾವು ನಕ್ಕೆವು. ಆ ಮಾತಿನ ಒಳಗನ್ನು ಆಗ ತಿಳಿಯಲಿಲ್ಲ.

ಘಟ್ಟವನ್ನಿಳಿದು ಗೇರುಸೊಪ್ಪೆಯನ್ನು ಸೇರಿದೆವು. ಅಲ್ಲಿ ದೋಣಿಯಿಂದ ಹೊಳೆಯನ್ನು ದಾಟಿ ನಗರಬಸ್ತಿಕೇರಿಯ ಚತುರ್ಮುಖ ಬಸದಿಗೆ ಹೋಗಬೇಕು. ದೋಣಿಯಲ್ಲಿ ಜೊತೆಗಿದ್ದ ಹುಡುಗರಿಗೆ, ಬಿಟ್ಟರೂ ಬಿಡದ ಉಪಾಧ್ಯಾಯಬುದ್ಧಿಯಿಂದ ನಾವು, “ಶರವೆಂದರೆ ಬಾಣ, ರಾಮಬಾಣದಿಂದ ಹುಟ್ಟಿದುದರಿಂದ ಶರಾವತಿ” ಎಂದು ವಿವರಿಸಿದೆವು. ಅಕ್ಕಯ್ಯ ದಡದಲ್ಲಿ ಬೆಳೆದಿದ್ದ ಜೊಂಡನ್ನು ತೋರಿಸಿ, “ಶರವೆಂದರೆ ಜೊಂಡೂ ಹೌದಲ್ಲವೇನೋ ತಮ್ಮಾ? ಜೊಂಡು ಬೆಳೆದ ಹೊಳೆ ಅಂತಲೂ ಆಗಬಹುದಲ್ಲ?” ಎಂದಳು.

ಅವಳು ಹೇಳಿದುದು ಸರಿ. ಕಾಶಿಕಾದಿ ಗ್ರಂಥಗಳನ್ನು ತಿರುವಿದ ನಮಗೆ ಆ ಕ್ಷಣದಲ್ಲಿ ಹೊಳೆಯದೆ ಹೋದುದು ಅವಳಿಗೆ ಹೊಳೆದಿತ್ತು. ಎಲ್ಲಿ ಕಲಿತೆಯೆಂದು ಕೇಳಲು, “ಎಲ್ಲಿ ಕಲಿಯಲಿ? ಜಗಲಿಯಲ್ಲಿ ಅಪ್ಪಯ್ಯ ನಿನಗೆ ಅಮರಕೋಶ ಹೇಳಿಸುತ್ತಿದ್ದರು. ನಿನಗೆ ಬಾಯಿಪಾಠ ಆಗುವುದರೊಳಗೆ ಒಳಗೆ ಬೀಸುಕಲ್ಲಿನ ಹತ್ತಿರ ನನಗೆ ಆಗಿರುತ್ತಿತ್ತು” ಎಂದಳು.

ಬಸದಿಯು ಕಾಡಿನ ನಡುವೆ ನಿಂತಿರುವ ಶಿಲಾಮಂದಿರ. ನಾಲ್ಕು ದಿಕ್ಕಿಗೂ ಬಾಗಿಲು. ಒಳಗೆ ನಾಲ್ಕೂ ಬಾಗಿಲುಗಳಿಗೆ ಅಭಿಮುಖವಾದ ಜಿನಬಿಂಬಗಳು. ಹದಿನಾರನೆಯ ಶತಮಾನದಲ್ಲಿ ಚೆನ್ನಭೈರಾದೇವಿಯು ಈ ಸೀಮೆಯನ್ನು ದೀರ್ಘಕಾಲ ಆಳಿದಳು. ಕಾಳುಮೆಣಸಿನ ವ್ಯಾಪಾರದಿಂದ ಅವಳ ರಾಜ್ಯವು ಎಷ್ಟು ಸಂಪನ್ನವಾಗಿತ್ತೆಂದರೆ, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. “ಹೆಂಗಸೊಬ್ಬಳು ಲೆಕ್ಕಪತ್ರ ನೋಡಿ ರಾಜ್ಯವಾಳಿದಳೆ!” ಎಂದು ಅಕ್ಕಯ್ಯ ಕಂಬವನ್ನು ಮುಟ್ಟಿ ಮುಟ್ಟಿ ನೋಡಿದಳು.

ಸಂಜೆಗೆ ಹೊನ್ನಾವರವನ್ನು ಮುಟ್ಟಿದೆವು. ಶರಾವತಿಯು ಇಲ್ಲಿ ಕಡಲಿನಂತೆಯೇ ಹರವಾಗಿ ಹಬ್ಬಿದೆ. ಅದರ ಮೇಲೆ ಹಾದಿರುವ ಕೊಂಕಣ ರೈಲ್ವೆಯ ಸೇತುವೆಯು ಎರಡು ಕಿಲೋಮೀಟರಿಗೂ ಉದ್ದವಾಗಿದ್ದು, ಆ ಮಾರ್ಗದಲ್ಲೆಲ್ಲ ಅತಿ ದೀರ್ಘವಾದುದು. ಹೊಳೆಯ ದಂಡೆಯಲ್ಲಿ ಕುಳಿತು ನಾವು ಈ ಊರಿನ ಪ್ರಾಚೀನ ವೃತ್ತಾಂತವನ್ನು ಹೇಳತೊಡಗಿದೆವು. 1340ರ ದಶಕದಲ್ಲಿ ಮೊರಾಕ್ಕೊ ದೇಶದ ಯಾತ್ರಿಕನಾದ ಇಬ್ನ್ ಬತೂತನು ಇಲ್ಲಿಗೆ ಬಂದಿದ್ದನು. ಇಲ್ಲಿಯ ಸ್ತ್ರೀಯರು ಮೂಗಿಗೆ ಚಿನ್ನದ ಉಂಗುರವನ್ನು ಧರಿಸುವರೆಂದೂ, ಕುರಾನನ್ನು ಕಂಠಪಾಠ ಮಾಡಿರುವರೆಂದೂ, ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಪಾಠಶಾಲೆಗಳಿರುವುವೆಂದೂ, ಇಂಥದನ್ನು ತಾನು ಬೇರೆಲ್ಲಿಯೂ ಕಾಣಲಿಲ್ಲವೆಂದೂ ಬರೆದಿಟ್ಟಿರುವನು.

ಅಕ್ಕಯ್ಯ ತನ್ನ ಮೂಗುಬಟ್ಟನ್ನು ಮುಟ್ಟಿಕೊಂಡು, “ಹದಿಮೂರೆ?” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಘಟ್ಟ ಹತ್ತಿ ನಮ್ಮೂರಿಗೆ ಒಂದು ಬರಬಾರದಿತ್ತೆ?” ಎಂದಳು.

ಇಲ್ಲಿ ಒಂದು ಸಂಗತಿಯನ್ನು ಮುಚ್ಚಿಡದೆ ವಿಜ್ಞಾಪಿಸಿಕೊಳ್ಳಬೇಕು. 1971ರಲ್ಲಿ ಏಳನೆಯ ತರಗತಿಯಲ್ಲಿ ತೇರ್ಗಡೆಯಾದ ಅಕ್ಕಯ್ಯನನ್ನು, ಪ್ರೌಢಶಾಲೆ ದೂರವೆಂದೂ ತಾಯಿಯವರಿಗೆ ಅಸ್ವಾಸ್ಥ್ಯವೆಂದೂ ಮನೆಯಲ್ಲಿ ನಿಲ್ಲಿಸಿದರು. ನಮಗಾಗ ಆರು ವರ್ಷ. ಆ ತಪ್ಪು ನಮ್ಮದಲ್ಲ. ಆದರೆ ಮುಂದೆ ಅದೇ ದೂರದ ಪ್ರೌಢಶಾಲೆಗೆ ನಾವು ಹೋದೆವು. ನಸುಕಿನಲ್ಲಿ ಎದ್ದು ಬುತ್ತಿ ಕಟ್ಟಿಕೊಟ್ಟವಳು ಅವಳು. ಮೂವತ್ತೈದು ವರ್ಷ ಪಾಠ ಹೇಳಿದ ನಾವು, ಎಷ್ಟೋ ಸಭೆಗಳಲ್ಲಿ ಸ್ತ್ರೀವಿದ್ಯೆಯ ಮಹತ್ತ್ವವನ್ನು ಕುರಿತು ಉಪನ್ಯಾಸ ಮಾಡಿದ ನಾವು, ರಜೆಗೆ ಅವಳ ಮನೆಗೆ ಹೋಗಿ ಬಡಿಸಿದುದನ್ನು ಉಂಡು ಎದ್ದೆವೇ ಹೊರತು, ಓದುವ ಆಸೆ ನಿನಗೆ ಇನ್ನೂ ಇದೆಯೆ ಎಂದು ಒಂದು ದಿನವಾದರೂ ಕೇಳಲಿಲ್ಲ. ಈ ತಪ್ಪು ನಮ್ಮದೇ. ಅದನ್ನು ಅವಳಿಗೆ ಹೇಳಬೇಕೆಂದಿದ್ದರೂ ಅಂದು ಬಾಯಿ ಬರಲಿಲ್ಲ.

ಮರುದಿನ ಇಡಗುಂಜಿಗೆ ಹೋಗಿ, ದ್ವಿಭುಜನಾಗಿ ನಿಂತಿರುವ ಮಹಾಗಣಪತಿಯ ದರ್ಶನವನ್ನು ಪಡೆದೆವು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಯಕ್ಷಗಾನ ಮಂಡಳಿಯು ಈ ದೇವರ ಹೆಸರಿನದೇ. ಹಿಂದಿರುಗುವಾಗ ಅಪ್ಸರಕೊಂಡವನ್ನು ಕಂಡೆವು. ಸಣ್ಣದೊಂದು ಜಲಪಾತವು ಕೊಳಕ್ಕೆ ಬೀಳುತ್ತದೆ, ಗುಡ್ಡದ ಮೇಲಿನಿಂದ ಕಡಲು ಕಾಣುತ್ತದೆ.

ಮೂರನೆಯ ದಿನ ಕಾಸರಕೋಡಿನ ಕಡಲತೀರಕ್ಕೆ ಹೋದೆವು. ನೈರ್ಮಲ್ಯ ಮೊದಲಾದ ಗುಣಗಳಿಗಾಗಿ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮನ್ನಣೆಯನ್ನು ಪಡೆದ ತೀರವಿದು. ಅಕ್ಕಯ್ಯ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ನಿಂತಳು, ಬೊಗಸೆಯಲ್ಲಿ ಎತ್ತಿ ನಾಲಗೆಗೆ ತಾಗಿಸಿ, “ಉಪ್ಪು!” ಎಂದು ಚಿಕ್ಕ ಹುಡುಗಿಯಂತೆ ನಕ್ಕಳು. ಆಗ ನಾವು ಧೈರ್ಯ ಮಾಡಿ, “ಅಕ್ಕಯ್ಯಾ, ಇಷ್ಟು ವರ್ಷ ನಾನು ನಿನ್ನನ್ನು ಕೇಳಲೇ ಇಲ್ಲ, ತಪ್ಪಾಯಿತು” ಎಂದೆವು. ಏನೆಂದು ಅವಳು ಕೇಳಲಿಲ್ಲ. ಕಡಲನ್ನೇ ನೋಡುತ್ತ, “ಬಾಯಿಪಾಠ ಇದೆ, ತಮ್ಮಾ. ಅರ್ಥ ಗೊತ್ತಿಲ್ಲದ್ದು ಬಹಳ. ಕಲಿಸುತ್ತೀಯಾ?” ಎಂದಳು.

ಈಗ ಅವಳು ನಮ್ಮ ಮನೆಯಲ್ಲಿಯೇ ಇದ್ದಾಳೆ. ಪ್ರತಿ ಸಾಯಂಕಾಲ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಪಾಠ ನಡೆಯುತ್ತದೆ. ಶಬ್ದಮಂಜರಿಯು ಮುಗಿದು ರಘುವಂಶದ ಮೊದಲನೆಯ ಸರ್ಗವು ನಡೆದಿದೆ. ನಮ್ಮ ಸೇವಾವಧಿಯಲ್ಲಿ ಇಷ್ಟು ಪ್ರಶ್ನೆ ಕೇಳಿದ ವಿದ್ಯಾರ್ಥಿ ಮತ್ತೊಬ್ಬರಿಲ್ಲ.

ಹೊನ್ನಾವರಕ್ಕೆ ರೈಲೂ ಉಂಟು, ಒಳ್ಳೆಯ ರಸ್ತೆಯೂ ಉಂಟು. ಮೂರು ದಿನದ ಬಿಡುವು ಸಾಕು. ಗೃಹಸ್ಥರಾದ ವಾಚಕರು ಅವಶ್ಯವಾಗಿ ಹೋಗಿ ಬರಬೇಕು. ಹೊರಡುವ ಮುನ್ನ, ಮನೆಯ ಒಳಕೋಣೆಯಲ್ಲಿ ಯಾರಾದರೂ ಇದುವರೆಗೆ ಸಮುದ್ರವನ್ನು ಕಾಣದವರು ಇದ್ದಾರೆಯೆ ಎಂದು ಒಮ್ಮೆ ಕೇಳಿ ನೋಡಬೇಕಾಗಿ ಪ್ರಾರ್ಥನೆ.